ಮೂವತ್ತನೆಯ ಹಾರಾಟ

ನೈಮೆಗನ್, 8 ಫೆಬ್ರವರಿ 1999, ಸೋಮವಾರ. ಬೆಳಿಗ್ಗೆ 10

ಹಳೆಯ ಪುಸ್ತಕ ನಿನ್ನೆಗೆ ತುಂಬಿತು. ಇದು ಹೊಸದು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಬರೆಯುವುದನ್ನು ಇಲ್ಲೂ ಬರೆದುಬಿಡುತ್ತೇನೆ. ಹೆಸರು ನೀಲಾವತಿ. ವಯಸ್ಸು ಎಪ್ಪತ್ತೆರಡು. ಮಂಗಳೂರಿನ ಪೋಸ್ಟ್ ಮಾಸ್ಟರರ ಮಗಳು, ವಕೀಲರ ಹೆಂಡತಿ. ಅವರು ಹೋಗಿ ಹನ್ನೊಂದು ವರ್ಷ. 1943ರಲ್ಲಿ ಎಸ್ಸೆಸ್ಸೆಲ್ಸಿ ಪಾಸು, ಇಂಗ್ಲಿಷಿನಲ್ಲಿ ಶಾಲೆಗೇ ಮೊದಲು. ಈ ಮನೆಯ ಬಾಡಿಗೆ ಕರಾರಿನಲ್ಲಿ ಮಗ ದಿವಾಕರನ ಹೆಸರಿದೆ. ಇರಲಿ. ಯಾವ ದಿನ ಏನು ಅಡುಗೆ, ಯಾರನ್ನು ಊಟಕ್ಕೆ ಕರೆಯುವುದು, ಯಾರ ಮಾತಿಗೆ ಎಷ್ಟು ಬೆಲೆ – ತೀರ್ಮಾನ ನನ್ನದು. ಸೊಸೆ ಮೈಥಿಲಿಗೂ ಗೊತ್ತು.

ಬಟ್ಟೆ ಮೆಷಿನ್‌ಗೆ ಹಾಕಿದ್ದಾಯಿತು. ಉದ್ದು ನೆನೆಸಿದ್ದಾಯಿತು. ಒಂಬತ್ತೂವರೆಗೆ ಟಪಾಲು. ಬಿಲ್ಲುಗಳ ನಡುವೆ ನನ್ನ ಹೆಸರಿಗೆ ಒಂದು ಕಾಗದ. ಡಚ್ಚರ ಈ ದೇಶಕ್ಕೆ ಬಂದ ಮೇಲೆ ನನಗೆ ಬಂದ ಮೊದಲ ಕಾಗದ.

ಬರೆದವರು ಹೆಂಕ್ ಡೆ ವಾಲ್. ವೆಸ್ಟರ್‌ಡೈಕ್ ಎಂಬ ಹಳ್ಳಿಯ ನಿವೃತ್ತ ಮೇಷ್ಟ್ರು. ಅಣ್ಣನ ವಿಷಯ.

ಅಣ್ಣ ಪದ್ಮನಾಭ. ಯುದ್ಧಕಾಲದಲ್ಲಿ ಬ್ರಿಟಿಷರ ಬಾಂಬರ್ ವಿಮಾನದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದ. 1944 ಮಾರ್ಚ್ 19ರ ರಾತ್ರಿ ಹೋದವನು ತಿರುಗಿ ಬರಲಿಲ್ಲ. ವಿಮಾನ ಬಿದ್ದದ್ದು ಆ ಹಳ್ಳಿಯ ಹೊಲದಲ್ಲಂತೆ. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಹೆಂಕ್ ಮಂಗಳೂರಿನ ಪೋಸ್ಟಾಫೀಸಿಗೆ ಬರೆದು, ಅಲ್ಲಿಂದ ನನ್ನ ತಮ್ಮ ಶಂಭುವಿಗೆ ತಲುಪಿ, ಶಂಭು ನನ್ನ ವಿಳಾಸ ಕೊಟ್ಟಿದ್ದಾನೆ. ಮೇ ನಾಲ್ಕಕ್ಕೆ ಊರಿನವರು ಒಂದು ಸ್ಮಾರಕದ ಕಲ್ಲು ನಿಲ್ಲಿಸುತ್ತಾರಂತೆ. ಅಣ್ಣನ ಹೆಸರು ಅದರಲ್ಲಿ ಬರಬಹುದಂತೆ.

ರಾತ್ರಿ ಸೇರಿಸಿದ್ದು: ದಿವಾಕರ ಸಂಜೆ ಓದಿ, "ಅಮ್ಮಾ, ಹೋದ ವರ್ಷವೇ ನಾನು ಕೇಳಿದ್ದೆ, ದೊಡ್ಡ ಮಾವನ ಜಾಗ ಹುಡುಕುವನಾ ಅಂತ. ನೀವೇ ಬೇಡ ಹೇಳಿದ್ದು" ಎಂದ.

"ಆಗ ಚಳಿ ಇತ್ತು," ಎಂದೆ.

13 ಫೆಬ್ರವರಿ, ಶನಿವಾರ

ಹೆಂಕ್ ಬಂದಿದ್ದರು. ಆರಡಿ ಮೇಲೆ ನಾಲ್ಕಂಗುಲ. ಬಾಗಿಲಲ್ಲಿ ಶೂ ಬಿಚ್ಚಿದರು, ಹೇಳಿಸಿಕೊಳ್ಳದೆ. ಆ ಒಂದಕ್ಕೇ ನೂರು ಮಾರ್ಕು. ಕಾಫಿಯ ಜೊತೆ ತಟ್ಟೆ ತುಂಬ ಚಕ್ಕುಲಿ ಇಟ್ಟೆ. ಒಂದು ತೆಗೆದುಕೊಂಡು ತಟ್ಟೆಯನ್ನೇ ನೋಡುತ್ತ ಕೂತರು.

"ಅತ್ತೆ, ಇಲ್ಲಿ ಒಂದೊಂದೇ ಕೊಟ್ಟು ಡಬ್ಬ ಮುಚ್ತಾರೆ. ಪಾಪ, ಅಷ್ಟೂ ತಿನ್ಲೇಬೇಕೇನೋ ಅಂತ ಹೆದರ್ಕೊಂಡಿದಾರೆ," ಮೈಥಿಲಿ ಪಿಸುಗುಟ್ಟಿದಳು.

"ತಿನ್ಲಿ. ಅಷ್ಟುದ್ದ ಬೆಳೆದಿದ್ದಾರೆ."

ತಿಂದರು. ಏಳು.

ಆಮೇಲೆ ಊಟದ ಮೇಜಿನ ಮೇಲೆ ನಕ್ಷೆ ಬಿಡಿಸಿದರು. ಲಂಡನ್ನಿನಿಂದ ತರಿಸಿದ ದಾಖಲೆಗಳ ಪ್ರತಿ. ಆ ದಿನದ ಇಡೀ ಯೋಜನೆ. ಬೆಳಿಗ್ಗೆ ಒಂಬತ್ತಕ್ಕೆ ಗುರಿ ನಿಶ್ಚಯ – ಜರ್ಮನಿಯ ಒಂದು ಕಾರ್ಖಾನೆ ಊರು. ಹನ್ನೊಂದಕ್ಕೆ ಯಾವ ವಿಮಾನಕ್ಕೆ ಎಷ್ಟು ಪೆಟ್ರೋಲು, ಎಷ್ಟು ಬಾಂಬು. ಮಧ್ಯಾಹ್ನ ದಾರಿ ಗುರುತು ಹಾಕುವವರಿಗೆ ಬೇರೆ ಪಾಠ, ವೈರ್‌ಲೆಸ್‌ನವರಿಗೆ ಬೇರೆ. ಆ ದಿನದ ಗುಟ್ಟಿನ ಪದಗಳನ್ನು ಅಕ್ಕಿಯ ಕಾಗದದ ಮೇಲೆ ಬರೆದುಕೊಡುತ್ತಿದ್ದರಂತೆ. ಶತ್ರುವಿನ ಕೈಗೆ ಸಿಕ್ಕಿದರೆ ನುಂಗಿಬಿಡಲು.

ಮೊಮ್ಮಗಳು ಹಿತಾ ನಕ್ಕಳು. "ಅಜ್ಜಿ, ಅಂದ್ರೆ ಹಪ್ಪಳ!"

ಹದಿಮೂರು ವರ್ಷ. ಬೈಯಲಿಲ್ಲ. ಅಣ್ಣನಿಗೂ ಅದೇ ತೋರಿರಬಹುದು.

ಏಳು ಗಂಟೆಗೆ ಮುನ್ನೂರು ವಿಮಾನ ಹೊರಟವು. ಆಮೇಲೆ ಇಂಗ್ಲೆಂಡಿನಲ್ಲಿ ಮಂಜು ಕವಿಯಿತು. ಹಿಂತಿರುಗಿದಾಗ ಇಳಿಯಲು ನೆಲವೇ ಕಾಣದು. ಆದ್ದರಿಂದ ಎಲ್ಲರನ್ನೂ ವಾಪಸು ಕರೆದರು. ಪ್ರತಿ ಗಂಟೆಯ ಕಾಲಕ್ಕೂ ಮುಕ್ಕಾಲಕ್ಕೂ ಇಂಗ್ಲೆಂಡಿನ ವಿಮಾನ ಠಾಣೆಯಿಂದ ತಂತಿ ಬರುತ್ತದೆ. ವೈರ್‌ಲೆಸ್‌ನವನು ಏನೇ ಕೆಲಸವಿದ್ದರೂ ಬಿಟ್ಟು ಅದನ್ನು ಕೇಳಿ ಬರೆದುಕೊಳ್ಳಲೇಬೇಕು. ಒಂಬತ್ತೂಕಾಲಕ್ಕೆ ಕರೆದರು. ಒಂಬತ್ತೂಮುಕ್ಕಾಲಕ್ಕೆ ಮತ್ತೆ ಕರೆದರು. ಎಲ್ಲವೂ ತಿರುಗಿದವು.

ಒಂದು ತಿರುಗಲಿಲ್ಲ.

ಆ ಒಂದನ್ನು ಗಡಿಯ ಹತ್ತಿರ ಜರ್ಮನ್ ವಿಮಾನ ಅಟ್ಟಿತು. ಭಾರ ಇಳಿಸಲು ಬಾಂಬುಗಳನ್ನು ಕತ್ತಲೆಗೆ ಬಿಟ್ಟರು. ಕೆಳಗೆ ವೆಸ್ಟರ್‌ಡೈಕ್ ಇತ್ತು. ಹನ್ನೊಂದು ಜನ ಸತ್ತರು. ವಿಮಾನ ಮುಂದೆ ಹೋಗಿ ಬಿತ್ತು.

ಈ ಹನ್ನೊಂದು ಜನರ ಮಾತು ನಾನು ಕೇಳಿದ್ದು ಇವತ್ತೇ.

ಹೆಂಕ್ ಕನ್ನಡಕ ತೆಗೆದು ಕೇಳಿದರು: ನಿಮ್ಮಣ್ಣ ಎರಡು ಸಲವೂ ತಂತಿ ಕೇಳಿಸಿಕೊಳ್ಳಲಿಲ್ಲವೇ?

ಮೈ ಉರಿಯಿತು. ಅಪ್ಪನ ಮೇಜಿನ ಪಕ್ಕ ಕೂತು ಹತ್ತು ವರ್ಷಕ್ಕೇ ತಂತಿ ಬಡಿಯಲು ಕಲಿತವನು. ನನ್ನ ಅಣ್ಣನಿಗೆ ತಂತಿ ತಪ್ಪುವುದು ಸಾಧ್ಯವೇ ಇಲ್ಲ ಎಂದೆ, ಇಂಗ್ಲಿಷಿನಲ್ಲಿ, ಎದೆ ಸೆಟೆಸಿ.

"ಹಾಗಾದರೆ ಯಂತ್ರ ಕೆಟ್ಟಿರಬೇಕು," ಎಂದರು ಹೆಂಕ್. ಬರೆದುಕೊಂಡರು. ಆಮೇಲೆ – ಆ ಕಾಲದ ಕಾಗದ ಪತ್ರ ಏನಾದರೂ ನಿಮ್ಮ ಮನೆಗೆ ಬಂದಿತ್ತೇ, ವಿಮಾನದಲ್ಲಿದ್ದ ಯಾರಾದರೂ ಬರೆದಿದ್ದರೇ?

ಇಲ್ಲ ಎಂದೆ.

14 ಫೆಬ್ರವರಿ

ಶಂಭುವಿಗೆ ಫೋನ್. ಯುರೋಪಿನ ಕಲ್ಲಿನ ಮೇಲೆ ಅಣ್ಣನ ಹೆಸರು ಎಂದೆ. ಅತ್ತುಬಿಟ್ಟ. ಅರವತ್ತೇಳು ವರ್ಷದ ಗಂಡಸು.

"ಅಕ್ಕಾ, ಪೇಪರಿನವರಿಗೆ ಹೇಳ್ತೇನೆ ನಾನು."

"ಹೇಳು," ಎಂದೆ.

27 ಫೆಬ್ರವರಿ, ಶನಿವಾರ

ವೆಸ್ಟರ್‌ಡೈಕ್‌ಗೆ ಹೋಗಿಬಂದೆವು. ಹೊರಡುವಾಗ ಗೇಟು ದಾಟಿದ್ದೆ, ಹಿತಾ ಹಿಂದಿನಿಂದ "ಅಜ್ಜೀ! ಯುವರ್ ಗ್ಲಾಸಸ್!" ಎಂದು ಕೂಗಿದಳು.

"ಹೊರಟವರನ್ನು ಹಿಂದಿನಿಂದ ಕರೆಯಬಾರ್ದು ಅಂತ ಎಷ್ಟು ಸಲ ಹೇಳುದು ನಿನಗೆ?"

"ಮತ್ತೆ ಹೇಗೆ ಹೇಳೋದು? ಫ್ಯಾಕ್ಸ್ ಮಾಡ್ಲಾ?"

ದಿವಾಕರ ನಗು ತಡೆಯಲಾರದೆ ಕಾರಿನ ಬಾನೆಟ್ ಎತ್ತಿ ನೋಡುವವನ ಹಾಗೆ ಮಾಡಿದ. ಮತ್ತೆ ಒಳಗೆ ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಹೊರಟೆ.

ಬಯಲು. ಏರಿ, ಕಾಲುವೆ, ಸಕ್ಕರೆ ಗೆಡ್ಡೆಯ ಹೊಲ. ಇಲ್ಲೇ ಬಿದ್ದದ್ದು ಎಂದು ಹೆಂಕ್ ತೋರಿಸಿದರು. ಏನೂ ಇಲ್ಲ. ಮಣ್ಣು. ಒಂದು ಹಿಡಿ ಎತ್ತಿಕೊಳ್ಳುತ್ತೇನೆ ಎಂದುಕೊಂಡೇ ಹೋಗಿದ್ದೆ. ಬಗ್ಗಲಾಗಲಿಲ್ಲ.

ಆಮೇಲೆ ಗ್ರೀಟ್‌ಳ ಮನೆ. ಅರವತ್ತೆರಡು ವರ್ಷ, ಒಂಟಿ, ಬೆನ್ನು ನೇರ. ನನ್ನ ಹಾಗೆಯೇ ಮೇಜಿನ ಬಟ್ಟೆಯ ಅಂಚು ಎಳೆದು ಸರಿಮಾಡುವ ಅಭ್ಯಾಸ. ಇಂಗ್ಲಿಷ್ ಬಾರದು. ಶಾಲೆಯಲ್ಲಿ ಡಚ್ ಕಲಿತ ಹಿತಾಳನ್ನು ನಡುವೆ ಕೂರಿಸಿಕೊಂಡೆವು.

ಹಿತಾ ಹೇಳಿದ್ದು ಹೇಳಿದ ಹಾಗೇ ಬರೆಯುತ್ತೇನೆ. "ಸೈರನ್ ಆಯ್ತಂತೆ. ಎಲ್ರೂ ನೆಲಮಾಳಿಗೆಗೆ ಹೋದ್ರಂತೆ. ಆಮೇಲೆ... ವಿಮಾನ ಎಲ್ಲ ವಾಪಸ್ ಹೋಯ್ತಲ್ಲ, ಅದಕ್ಕೆ ಹತ್ತು ಗಂಟೆಗೆ ಇನ್ನೇನೂ ಇಲ್ಲ ಅಂತ ಇನ್ನೊಂದು ಸೈರನ್. ಇವ್ರಿಗೆ ಆಗ ಸೆವೆನ್. ನಿದ್ದೆ ಬಂದುಬಿಟ್ಟಿತ್ತಂತೆ. ಅವ್ರಮ್ಮ ಚಿಕ್ಕ ತಂಗೀನ ಮೊದ್ಲು ಎತ್ಕೊಂಡು ಹೋದ್ರಂತೆ, ಅಜ್ಜನ್ನೂ ಕರ್ಕೊಂಡು. ಇವ್ರನ್ನ ಆಮೇಲೆ ಎತ್ಕೊಂಡು ಹೋಗೋಣ ಅಂತ..."

ನಿಲ್ಲಿಸಿದಳು. ಗ್ರೀಟ್ ಮುಂದೆ ಹೇಳುತ್ತಲೇ ಇದ್ದಳು. ಅನುವಾದ ಬೇಕಾಗಿರಲಿಲ್ಲ.

ಕಲ್ಲಿನ ಮಾತು ಬಂತು. ಊರಿನ ಹನ್ನೊಂದು ಹೆಸರುಗಳ ಜೊತೆಗೆ ವಿಮಾನದಲ್ಲಿ ಸತ್ತ ಆರು ಜನರ ಹೆಸರೂ ಬೇಕೆಂದು ಹೆಂಕ್. ಕೊಂದವರ ಹೆಸರು ಬೇಡವೆಂದು ಊರಿನ ಕೆಲವರು. ಕೊನೆಗೆ ಸಮಿತಿ ಗ್ರೀಟ್‌ಳ ಮಾತೇ ಕಡೆಯದು ಎಂದು ಬಿಟ್ಟಿದೆ. ಹನ್ನೊಂದರಲ್ಲಿ ಮೂವರು ಅವಳವರು.

ಗ್ರೀಟ್ ನನ್ನ ಕಡೆ ನೋಡಿ ನಿಧಾನವಾಗಿ ಹೇಳಿದಳು. ಹಿತಾ: "ಐವತ್ತೈದು ವರ್ಷ ಒಂದೇ ಪ್ರಶ್ನೆ ಇತ್ತಂತೆ. ಎಲ್ಲ ವಾಪಸ್ ಹೋದ್ಮೇಲೆ ಅದೊಂದು ಯಾಕೆ ಬಂತು ಅಂತ. ಈಗ ರೇಡಿಯೋ ಕೆಟ್ಟಿತ್ತು ಅಂತ ಗೊತ್ತಾಯ್ತಲ್ಲ. ಅವ್ರಿಗೂ ಯಾರೂ ಹೇಳ್ಲಿಲ್ಲ, ನಮಗೂ ಯಾರೂ ಹೇಳ್ಲಿಲ್ಲ. ಹಾಗಿದ್ರೆ ಒಂದೇ ಕಲ್ಲಲ್ಲಿ ಇರ್ಬಹುದು ಅಂತಾರೆ."

ಕೈ ಹಿಡಿದಳು. ತಣ್ಣಗಿತ್ತು. ಯಾರದು, ಅವಳದೋ ನನ್ನದೋ.

19 ಮಾರ್ಚ್, ಶುಕ್ರವಾರ

ಮೂರು ವಾರದಿಂದ ಬರೆದಿಲ್ಲ. ಬರೆಯಲು ಕೂತರೆ ಇದನ್ನೇ ಬರೆಯಬೇಕಾಗುತ್ತದೆ.

ಹೆಂಕ್‌ಗೆ ಸುಳ್ಳು ಹೇಳಿದೆ. ಕಾಗದ ಇದೆ.

1945ರ ಸೆಪ್ಟೆಂಬರಿನಲ್ಲಿ ಬಂತು. ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುವ ಸ್ಟ್ಯಾನ್ಲಿ ಎಂಬವನು ಬರೆದದ್ದು. ಅವನೊಬ್ಬನೇ ಪ್ಯಾರಾಚೂಟಿನಲ್ಲಿ ಹಾರಿಕೊಂಡು ಬದುಕಿ ಜರ್ಮನರ ಸೆರೆಯಲ್ಲಿದ್ದ. ಅಪ್ಪನಿಗಲ್ಲ, ನನ್ನ ಹೆಸರಿಗೇ ಬರೆದಿದ್ದ. ಯಜಮಾನರು ಒಡೆಯದೆ ಕೈಗೆ ಕೊಟ್ಟರು. ಓದಿ, ಕ್ಷೇಮ ಸಮಾಚಾರ ಎಂದೆ. ಅವರು ಸಾಯುವವರೆಗೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಪುಸ್ತಕದ ರಟ್ಟಿನೊಳಗೆ ಇಟ್ಟೆ. ಇಲ್ಲಿ ಹೊರದೇಶದವರ ಪರ್ಮಿಟ್ ನೋಡುವ ಪೊಲೀಸರು ಹುಟ್ಟಿದ ತಾರೀಖಿಗೆ ಸಾಕ್ಷಿ ಕೇಳಿದರು, ಆ ಪುಸ್ತಕದ ಜೊತೆ ಅದೂ ಸಮುದ್ರ ದಾಟಿತು.

ಇಂಗ್ಲಿಷ್ ಬಾಯಿಪಾಠವಾಗಿದೆ. ಕನ್ನಡದಲ್ಲಿ ಇಷ್ಟು:

"ಪ್ಯಾಡಿಗೆ (ಅಣ್ಣನನ್ನು ಹಾಗೆ ಕರೆಯುತ್ತಿದ್ದರು; ಸ್ಕಿಪ್ಪರ್ ಎಂದರೆ ವಿಮಾನದ ನಾಯಕ) ಒಂಬತ್ತೂಕಾಲಕ್ಕೆ ತಂತಿ ಬಂತು. ನಮಗೆಲ್ಲ ಕೇಳುವಂತೆ, ಸ್ಕಿಪ್ಪರ್, ವಾಪಸು ಕರೆಯುತ್ತಿದ್ದಾರೆ ಎಂದ. ಅದು ನಮ್ಮ ಮೂವತ್ತನೆಯ ಹಾರಾಟ. ಮೂವತ್ತು ಮುಗಿದರೆ ಬಿಡುಗಡೆ. ಅರ್ಧ ದಾರಿಯಿಂದ ತಿರುಗಿದರೆ ಅದು ಎಣಿಕೆಗೆ ಸೇರದು, ಇನ್ನೊಂದು ಮಾಡಬೇಕು. ಆ ಇನ್ನೊಂದರಲ್ಲೇ ಸತ್ತವರನ್ನು ನಾವು ಬಹಳ ಕಂಡಿದ್ದೆವು. ಸ್ಕಿಪ್ಪರ್ ಅವನಿಗೆ, ಪ್ಯಾಡಿ, ನಿನಗೆ ನಿಜವಾಗಿ ಏನಾದರೂ ಕೇಳಿಸಿತೇ, ಯೋಚಿಸಿ ಹೇಳು ಎಂದರು. ಪ್ಯಾಡಿ ಯೋಚಿಸಿದ. ಇಲ್ಲ ಸ್ಕಿಪ್ಪರ್, ಏನೂ ಕೇಳಿಸಲಿಲ್ಲ ಎಂದ. ನಾವು ಯಾರೂ ಬಾಯಿ ಬಿಡಲಿಲ್ಲ. ತಪ್ಪು ಅವನೊಬ್ಬನದಲ್ಲ, ಏಳು ಜನರದು. ಮೂವತ್ತು ಮುಗಿದರೆ ಇಂಡಿಯಾಕ್ಕೆ ವರ್ಗ ಎಂದು ಅವನಿಗೆ ಮಾತು ಕೊಟ್ಟಿದ್ದರು. ನಿಮ್ಮ ಮದುವೆಯದೇ ಧ್ಯಾನ. ತಾನು ಬಂದು ನಿಮ್ಮ ಕೈಗೆ ಹುರಿದ ಭತ್ತವೋ ಏನೋ ಸುರಿಯಬೇಕಂತೆ, ಇಲ್ಲದಿದ್ದರೆ ಮದುವೆಯೇ ಇಲ್ಲವಂತೆ ಎಂದು ಹೇಳಿ ನಮ್ಮನ್ನು ನಗಿಸುತ್ತಿದ್ದ."

ಲಾಜಾಹೋಮದ ಅರಳು. ಹೆಣ್ಣಿನ ಬೊಗಸೆಗೆ ಅಣ್ಣ ಅರಳು ಹೊಯ್ಯಬೇಕು, ಅವಳು ಅದನ್ನು ಅಗ್ನಿಗೆ ಅರ್ಪಿಸಬೇಕು. ಒಡಹುಟ್ಟಿದವನು ಇಲ್ಲದಿದ್ದರೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಹೊಯ್ದರೂ ನಡೆಯುತ್ತದೆ. ಶಂಭುವಿಗೆ ಆಗ ಹನ್ನೆರಡು, ಅವನೂ ಹೊಯ್ಯಬಹುದಿತ್ತು. ಅಪ್ಪ ಹಾಗೆಯೇ ಹೇಳಿದರು. ನಾನು ಕೇಳಲಿಲ್ಲ. ಹದಿನೇಳು ವರ್ಷದ ಜಂಬ. 1944ರ ಜನವರಿಯಲ್ಲಿ ಅಣ್ಣನಿಗೆ ಬರೆದೆ: "ವೈಶಾಖಕ್ಕೆ ಮುಹೂರ್ತ. ನೀನು ಬಂದು ಅರಳು ಹೊಯ್ಯದೆ ನಾನು ಹಸೆ ಏರುವವಳಲ್ಲ. ಇದು ನೀಲಾವತಿಯ ಮಾತು."

ಪೋಸ್ಟ್ ಮಾಡಿದವಳೂ ನಾನೇ.

ಮಾರ್ಚ್ ಕೊನೆಗೆ ಕಾಣೆಯಾಗಿದ್ದಾನೆ ಎಂಬ ತಂತಿ ಬಂತು. ಅಪ್ಪನೇ ಅದನ್ನು ಯಂತ್ರದಿಂದ ಬರೆದುಕೊಂಡರು. ಕಾಣೆ ಎಂದರೆ ಸತ್ತಂತಲ್ಲ, ಇಟ್ಟ ಮುಹೂರ್ತ ತಪ್ಪಿಸುವುದು ಬೇಡ ಎಂದರು. ಮೇ ಏಳಕ್ಕೆ ಹಸೆ ಏರಿದೆ. ಶಂಭು ಅರಳು ಹೊಯ್ದ. ಅರ್ಧ ಕೆಳಗೆ ಚೆಲ್ಲಿದ.

26 ಮಾರ್ಚ್

ಟಿ.ವಿ.ಯಲ್ಲಿ ಎರಡು ದಿನದಿಂದ ಮತ್ತೆ ವಿಮಾನಗಳು. ಸರ್ಬಿಯಾ ಕಡೆ ಹೋಗುತ್ತಿವೆ. ಏಳುವುದನ್ನು ತೋರಿಸುತ್ತಾರೆ, ಇಳಿಯುವುದನ್ನು ತೋರಿಸುವುದಿಲ್ಲ. ಆರಿಸಿದೆ.

ಶಂಭುವಿಗೆ ಫೋನ್ ಮಾಡಿದೆ. ಪೇಪರಿಗೆ ಈಗಲೇ ಕೊಡಬೇಡ ಎಂದೆ.

"ಎಂತ ಅಕ್ಕಾ ನೀವು! ಭಾನುವಾರವೇ ಬಂತಲ್ಲ. ಅಣ್ಣನ ಫೋಟೋ ಇಷ್ಟು ದೊಡ್ಡದು. 'ಕಡಲಾಚೆಯ ವೀರ' ಅಂತ. ಶಾಲೆಯಲ್ಲಿ ನನಗೆ ಶಾಲು ಹೊದಿಸಿದ್ರು ಮಾರಾಯ್ರೆ. ಕಟಿಂಗ್ ಕಳಿಸಿದ್ದೇನೆ, ಬರ್ತದೆ."

ಆಯಿತು ಎಂದೆ. 

3 ಏಪ್ರಿಲ್, ಶನಿವಾರ

ಮೈಥಿಲಿಗೆ ಗೊತ್ತಾಯಿತು. ಪರ್ಮಿಟ್ ನವೀಕರಿಸಲು ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದ ಝೆರಾಕ್ಸ್ ಬೇಕೆಂದು ತೆಗೆದಿದ್ದಾಳೆ. ಕಾಗದ ಓದಿಬಿಟ್ಟಿದ್ದಾಳೆ. ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ನಿಂತಳು. ಹದಿನೈದು ವರ್ಷದಲ್ಲಿ ಮೊದಲ ಸಲ ಕೇಳದೆ ನನ್ನ ಮಂಚದ ಮೇಲೆ ಕೂತಳು.

"ಅತ್ತೆ, ಇದು ಯಾರಿಗೂ ಬೇಡ. ಹೇಳ್ಬೇಡಿ."

"ಗ್ರೀಟ್?"

"ಅವ್ರಿಗೆ ಒಂದು ಉತ್ತರ ಸಿಕ್ಕಿದೆ. ನೆಮ್ಮದಿಯಾಗಿದಾರೆ. ನೀವು ಯಾಕೆ ಕಿತ್ಕೋತೀರಾ?"

"ಸುಳ್ಳು ಉತ್ತರ."

"ಇರ್ಲಿ. ಐವತ್ಮೂರು ವರ್ಷ ಸುಮ್ನಿದ್ರಿ ಅಲ್ವಾ, ಇನ್ನೊಂದು ತಿಂಗಳು ಸುಮ್ನಿರೋಕೆ ಆಗಲ್ವಾ?"

ಸೊಸೆ ಅತ್ತೆಗೆ ಹೇಳುವ ಮಾತಲ್ಲ. ಆದರೆ ಅವಳ ದನಿಯಲ್ಲಿ ಎದುರುತ್ತರ ಇರಲಿಲ್ಲ. ಕಾಗದ ಮಡಿಸಿ ನನ್ನ ಕೈಗಿಟ್ಟು, "ನಾನು ಇವರಿಗೂ ಹೇಳಲ್ಲ," ಎಂದಳು. ಹೋಗುವಾಗ ಕಾಲಿನ ಮೇಲೆ ಶಾಲು ಎಳೆದು ಹೋದಳು.

ಅವಳು ಹೇಳಿದ್ದು ಸರಿ ಇರಬಹುದು. ಅದೇ ಕಷ್ಟ.

12 ಏಪ್ರಿಲ್

ಹೆಂಕ್ ಫೋನ್. ಗ್ರೀಟ್ ಸಹಿ ಹಾಕಿದಳು. ಹದಿನೇಳು ಹೆಸರು, ಒಂದೇ ಕಲ್ಲು. ಅಕ್ಷರಗಳ ಸಾಲಿನ ಕರಡು ಕಳಿಸಿದ್ದಾರೆ, ಕಾಗುಣಿತ ನೋಡಿಕೊಡಬೇಕಂತೆ. ಇಂಗ್ಲಿಷ್ ಅಕ್ಷರದಲ್ಲಿ ಪದ್ಮನಾಭ. ಅದರ ಕೆಳಗಿನ ಸಾಲಿನಲ್ಲಿ ಗ್ರೀಟ್‌ಳ ತಂಗಿ. ಮಾರಿಕೆ. 3 ವರ್ಷ.

ಕಲ್ಲು ಕಡಿಯುವವನು ಇಪ್ಪತ್ತಾರಕ್ಕೆ ಶುರು ಮಾಡುತ್ತಾನೆ.

ಕಾಗುಣಿತ ಸರಿ ಇದೆ ಎಂದೆ.



17 ಏಪ್ರಿಲ್

ಕಟಿಂಗ್ ಬಂತು. ಫೋಟೋದಲ್ಲಿ ಇಪ್ಪತ್ತೆರಡು ವರ್ಷ. ತಂತಿ ಕೇಳುವವರ ಹಾಗೆ ತಲೆ ಸ್ವಲ್ಪ ಒಂದು ಕಡೆ ವಾಲಿಸಿದ್ದಾನೆ. "ಕೊನೆಯುಸಿರಿನವರೆಗೂ ಕರ್ತವ್ಯ ಬಿಡದ" ಎಂದು ಬರೆದಿದ್ದಾರೆ. ಶಂಭು ಹೇಳಿ ಬರೆಸಿದ್ದು. ಶಂಭುವಿಗೆ ಹೇಳಿದ್ದು ನಾನು. ವರ್ಷ ವರ್ಷವೂ, ನನ್ನ ಮಕ್ಕಳಿಗೂ ಅವನ ಮಕ್ಕಳಿಗೂ.

ಅಣ್ಣನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಒಂದು ಮಾತು. ಕೇಳಿಸಿತು ಎಂದಿದ್ದರೆ ಸಾಕಿತ್ತು. ಎರಡನೆಯ ಸಲ, ಒಂಬತ್ತೂಮುಕ್ಕಾಲಕ್ಕೆ ಮತ್ತೆ ಕಿವಿಯಲ್ಲಿ ಬಡಿದಾಗಲಾದರೂ. ಆಗ ಅವನ ಮುಖ ಹೇಗಿತ್ತು? ಅದನ್ನು ಸ್ಟ್ಯಾನ್ಲಿ ಬರೆದಿಲ್ಲ. ಬಾಲದಲ್ಲಿ ಕೂತವನಿಗೆ ಯಾರ ಮುಖವೂ ಕಾಣುವುದಿಲ್ಲ.

ಬಂದಿದ್ದರೆ ಇನ್ನೊಂದು ಹಾರಾಟದಲ್ಲಿ ಸಾಯುತ್ತಿದ್ದನೇನೋ. ಬದುಕುತ್ತಿದ್ದನೇನೋ. ಮಾರಿಕೆಗೆ ಈಗ ಐವತ್ತೆಂಟಾಗುತ್ತಿತ್ತು.

20 ಏಪ್ರಿಲ್, ಮಂಗಳವಾರ

ಹೆಂಕ್‌ಗೆ ಫೋನ್ ಮಾಡಿ, ಗುರುವಾರ ಗ್ರೀಟ್‌ಳ ಮನೆಯಲ್ಲಿರಿ, ಓದಿ ಹೇಳಬೇಕಾದದ್ದು ಒಂದಿದೆ ಎಂದೆ. ಏನು ಎಂದು ಕೇಳಲಿಲ್ಲ. ಮೇಷ್ಟ್ರು.

ಹಿತಾ, "ನಾನು ಬರ್ತೀನಿ ಅಜ್ಜಿ, ಟ್ರಾನ್ಸ್‌ಲೇಟ್ ಮಾಡ್ತೀನಿ, ಸ್ಕೂಲ್ ಮಧ್ಯಾಹ್ನ ಬಿಡುತ್ತೆ," ಎಂದಳು.

"ಬೇಡ. ಇದು ನಿನ್ನ ಬಾಯಿಂದ ಬರುದು ಬೇಡ."

ದಿವಾಕರ ಕಾರಿನಲ್ಲಿ ಬಿಡುತ್ತೇನೆ ಎಂದ. ಬಸ್ಸಿನ ನಂಬರ್ ಬರೆದುಕೊಡು ಸಾಕು ಎಂದೆ. ಮೈಥಿಲಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. 

22 ಏಪ್ರಿಲ್, ಗುರುವಾರ. ಸಂಜೆ 6.10

ಹೋಗಿಬಂದೆ.

ಹೆಂಕ್ ಓದಿದರು. ಮೊದಲು ಇಂಗ್ಲಿಷಿನಲ್ಲಿ ತಮಗೆ, ಮನಸ್ಸಿನಲ್ಲೇ. ಕಾಗದ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಬಂದು ಕೂತು ಡಚ್ಚಿನಲ್ಲಿ ಗ್ರೀಟ್‌ಗೆ. ಪಾಠ ಓದುವವರ ಹಾಗೆ, ಒಂದೂ ಮಾತು ಬಿಡದೆ. "ಏನೂ ಕೇಳಿಸಲಿಲ್ಲ" ಎಂಬಲ್ಲಿ ಗ್ರೀಟ್ ಇನ್ನೊಮ್ಮೆ ಓದಿಸಿದಳು.

ಆಮೇಲೆ ನನ್ನ ಮಾತು ಹೇಳಿದೆ. ಜನವರಿಯ ಕಾಗದದಲ್ಲಿ ನಾನು ಬರೆದದ್ದು, ಅರಳು ಎಂದರೆ ಏನು, ಬೇರೆಯವರು ಹೊಯ್ದರೂ ಆಗುತ್ತಿತ್ತು ಎಂಬುದು. ಫೆಬ್ರವರಿಯಲ್ಲಿ ಇಲ್ಲ ಎಂದದ್ದು ಸುಳ್ಳು ಎಂದೂ. ಕ್ಷಮೆ ಕೇಳಬೇಕೆಂದಿದ್ದೆ. ಯಾವ ಲೆಕ್ಕದಲ್ಲಿ ಕೇಳುವುದು ತಿಳಿಯಲಿಲ್ಲ. ಕೇಳಲಿಲ್ಲ. ಕಲ್ಲಿನಿಂದ ಹೆಸರು ತೆಗೆಯಿರಿ ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಅದು ಅವಳದು.

ಗ್ರೀಟ್ ಮೇಜಿನ ಬಟ್ಟೆ ಮುಟ್ಟಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು. ಹೆಂಕ್‌ಗೆ ಅದನ್ನು ನನಗೆ ಹೇಳಲು ಇಷ್ಟವಿರಲಿಲ್ಲ. ಹೇಳಿ ಎಂದೆ.

"ನಿಮ್ಮ ಮದುವೆ ಆಯಿತೇ ಎಂದು ಕೇಳುತ್ತಿದ್ದಾಳೆ."

ಆಯಿತು ಎಂದೆ. ಇಟ್ಟ ದಿನಕ್ಕೇ.

ತಲೆಯಾಡಿಸಿದಳು. ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಸ್ಟ್ಯಾನ್ಲಿಯ ಕಾಗದ ಅವಳ ಮೇಜಿನ ಮೇಲೆಯೇ ಬಿಟ್ಟೆ. ಹೆಂಕ್ ಬಸ್ ಸ್ಟಾಪಿನವರೆಗೆ ಬಂದರು.

ಇಳಿದ ಮೇಲೆ ನಮ್ಮ ಬೀದಿಯ ತುದಿಯ ಕೆಂಪು ಟಪಾಲು ಡಬ್ಬಿ. ಶಂಭುವಿಗೆ ನಿನ್ನೆಯೇ ಎಲ್ಲವನ್ನೂ ಬರೆದಿಟ್ಟಿದ್ದೆ. ಆರು ಪುಟ. ಪೇಪರಿನವರಿಗೂ ಇದನ್ನು ತೋರಿಸು ಎಂದು ಕೊನೆಗೆ. ಅದೂ ನೀಲಾವತಿಯ ಮಾತೇ. ಡಬ್ಬಿಯ ಬಾಯಲ್ಲಿ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಬಿಟ್ಟೆ.

ಸಂಜೆ ಆರಕ್ಕೆ ತೆಗೆಯುತ್ತಾರೆ ಎಂದು ಅದರ ಮೇಲೆ ಬರೆದಿದೆ. ಈಗ ಆರು ದಾಟಿ ಅರ್ಧ ಗಂಟೆಯಾಯಿತು.